ತಬೇಲಾದ ಇಂಜೆಕ್ಷನ್, ಹೆರಿಗೆ ಕೋಣೆಯ ಔಷಧಿ

ಮುಂಬೈಯಲ್ಲಿ ತಬೇಲಾ (ಎಮ್ಮೆ ಕೊಟ್ಟಿಗೆ) ಹಾಲು ತರಿಸುವ ನಮ್ಮವರ ಮನೆಗಳಲ್ಲಿ, ಹೋಟೆಲ್‌ಗಳಲ್ಲಿ ಒಂದು ಮಾತು ಆಗಾಗ ಬರುತ್ತದೆ: ‘ಎಮ್ಮೆಗೆ ಇಂಜೆಕ್ಷನ್ ಚುಚ್ಚಿ ಹಾಲು ಕರೀತಾರಂತೆ, ಹೌದಾ?’ ಹೌದು, ಚುಚ್ಚುವವರು ಇದ್ದಾರೆ. ಆ ಇಂಜೆಕ್ಷನ್ ಹೆಸರು ಆಕ್ಸಿಟೋಸಿನ್. ಅದೇ ಔಷಧಿ ಹೆರಿಗೆ ಆಸ್ಪತ್ರೆಯ ಫ್ರಿಜ್ಜಿನಲ್ಲೂ ಇರುತ್ತದೆ, ಇರಲೇಬೇಕು. 2018ರಲ್ಲಿ ತಬೇಲಾದವರ ತಪ್ಪಿಗೆ ಬಾಣಂತಿಯರ ಔಷಧಿಗೇ ಕುತ್ತು ಬಂದಿತ್ತು.

ಮಿದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದರ ಮೇಲಿರುವ ಹೈಪೋಥಲಾಮಸ್‌ನಲ್ಲಿ ಆಕ್ಸಿಟೋಸಿನ್ ತಯಾರಾಗಿ, ಪಿಟ್ಯುಟರಿಯ ಹಿಂಭಾಗದಲ್ಲಿ ಕೂಡಿಟ್ಟಿರುತ್ತದೆ. ಕರು ಮೊಲೆತೊಟ್ಟಿಗೆ ಬಾಯಿಟ್ಟ ಕೂಡಲೇ ನರಗಳ ಮೂಲಕ ಸುದ್ದಿ ಹೋಗುತ್ತದೆ, ಹಾರ್ಮೋನ್ ರಕ್ತಕ್ಕೆ ಇಳಿಯುತ್ತದೆ, ಕೆಚ್ಚಲಿನ ಒಳಗಿನ ಸಣ್ಣ ಸ್ನಾಯುಗಳು ಹಿಂಡಿ ಹಾಲು ಇಳಿಯುತ್ತದೆ. ಇದೆಲ್ಲ ಒಂದೆರಡು ನಿಮಿಷದ ಕೆಲಸ. ಹೆರಿಗೆಯಲ್ಲಿ ಗರ್ಭಕೋಶ ಹಿಂಡುವುದೂ ಇದೇ ಹಾರ್ಮೋನಿನಿಂದ.

ಇದೆಲ್ಲ ಗೊತ್ತಾಗುವ ಮೊದಲೇ ದನ ಸಾಕುವವರು ಇದನ್ನು ದುಡಿಸಿಕೊಂಡಿದ್ದರು. ಹಾಲಿಳಿಸದ ಹಸು, ಎಮ್ಮೆಗಳ ಯೋನಿಯೊಳಗೆ ಕೊಳವೆಯಿಂದ ಗಾಳಿ ಊದುತ್ತಿದ್ದರು. ಅದಕ್ಕೆ ಫೂಕಾ ಎನ್ನುತ್ತಿದ್ದರು. ಹೆರಿಗೆಯ ದಾರಿ ಹಿಗ್ಗಿದರೆ ಪಿಟ್ಯುಟರಿ ಆಕ್ಸಿಟೋಸಿನ್ ಬಿಡುತ್ತದೆ. ಫರ್ಗುಸನ್ ಎಂಬ ವಿಜ್ಞಾನಿ ಇದನ್ನು ವಿವರಿಸಿದ್ದು 1941ರಲ್ಲಿ. ಗಾಂಧೀಜಿ ಹಸು, ಎಮ್ಮೆ ಹಾಲು ಬಿಟ್ಟಿದ್ದಕ್ಕೆ ಈ ಹಿಂಸೆಯೂ ಒಂದು ಕಾರಣ. 1919ರ ಸುಮಾರಿಗೆ ಕಾಯಿಲೆಯಿಂದ ಸೊರಗಿದ್ದ ಅವರಿಗೆ ಡಾಕ್ಟರ್ ದಲಾಲ್ ಹಾಲು ಕುಡಿಯಲೇಬೇಕು ಎಂದರು. ಗಾಂಧೀಜಿ ಫೂಕಾದ ಮಾತೆತ್ತಿದಾಗ ಪಕ್ಕದಲ್ಲಿದ್ದ ಕಸ್ತೂರಬಾ, ಹಾಗಾದರೆ ಆಡಿನ ಹಾಲಿಗೆ ಏನು ಅಡ್ಡಿ ಅಂತ ಕೇಳಿದರು. ಆಡಿನ ಹಾಲು ಶುರುವಾಗಿದ್ದು ಹಾಗೆ. ನನಗೆ ಈ ಪ್ರಸಂಗ ಮುಖ್ಯ ಅನಿಸುತ್ತದೆ. ಅಂದಿನ ಕೊಳವೆಯಿಂದ ಹೊರಡಿಸುತ್ತಿದ್ದ ಹಾರ್ಮೋನನ್ನೇ ಇಂದು ಸೂಜಿಯಲ್ಲಿ ಚುಚ್ಚುತ್ತಿದ್ದಾರೆ. ಸೂಜಿ ಬರುವ ಮೊದಲೇ ಕ್ರೌರ್ಯ ಇತ್ತು.

ಇನ್ನು ಔಷಧಿಯ ಕತೆ. ಪಿಟ್ಯುಟರಿಯಿಂದ ತೆಗೆದ ಸಾರ ಬೆಕ್ಕಿನ ಗರ್ಭಕೋಶವನ್ನು ಹಿಂಡಿಸುತ್ತದೆ ಅಂತ ಇಂಗ್ಲೆಂಡಿನ ಹೆನ್ರಿ ಡೇಲ್ 1906ರಲ್ಲಿ ತೋರಿಸಿದರು. 1909ರ ಹೊತ್ತಿಗೆ ಲಿವರ್‌ಪೂಲ್‌ನ ಬ್ಲೇರ್ ಬೆಲ್ ಅದನ್ನು ಹೆರಿಗೆಯಲ್ಲಿ ಬಳಸಿದ್ದರು. ಆಮೇಲೆ ಬಹಳ ವರ್ಷ ಕಸಾಯಿಖಾನೆಯಿಂದ ಬಂದ ಪ್ರಾಣಿಗಳ ಗ್ರಂಥಿಗಳೇ ಇದಕ್ಕೆ ಮೂಲ. ಅಮೆರಿಕದ ವಿನ್ಸೆಂಟ್ ಡು ವಿಗ್ನೋ ಅದರ ರಚನೆ ಬಿಡಿಸಿದರು. ಬರೀ ಒಂಬತ್ತು ಅಮೈನೋ ಆಮ್ಲಗಳ ಸರಪಳಿ. 1953ರಲ್ಲಿ ಅದನ್ನು ಲ್ಯಾಬಿನಲ್ಲೇ ತಯಾರಿಸಿದರು, 1955ರಲ್ಲಿ ನೊಬೆಲ್ ಬಂತು. ಅಲ್ಲಿಂದ ಮುಂದೆ ಇದು ಅಗ್ಗವಾಗಿ, ಬೇಕಾದಷ್ಟು ತಯಾರಿಸಬಹುದಾದ ಔಷಧಿಯಾಯಿತು. ಹೆರಿಗೆ ಕೋಣೆಗೂ ಬಂತು, ತಬೇಲಾಕ್ಕೂ ಬಂತು.

ಹೆರಿಗೆ ಕೋಣೆಯಲ್ಲಿ ಅದರ ಬೆಲೆ ಏನು ಅಂತ ನನಗೆ ಹೇಳಿಕೊಟ್ಟವರು ನಮ್ಮ ಚಿಕ್ಕಮ್ಮ. ಮುಂಬೈಯ ಹೆರಿಗೆ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದವರು. ಮಗು ಹೊರಗೆ ಬಂದ ಕೂಡಲೇ ಗಾಜಿನ ಆಂಪೂಲಿನ ಕತ್ತು ಮುರಿದು, ಔಷಧಿ ಎಳೆದು, ತಾಯಿಯ ತೊಡೆಗೆ ಹತ್ತು ಯೂನಿಟ್ ಕೊಡುತ್ತಾರೆ. ಮಾಸು ಬಿದ್ದ ಮೇಲೆ ಹೊಕ್ಕುಳಿನ ಕೆಳಗೆ ಅಂಗೈ ಇಟ್ಟು ನೋಡುತ್ತಾರೆ. ‘ಕೈಗೆ ಕ್ರಿಕೆಟ್ ಬಾಲ್ ಹಾಗೆ ಗಟ್ಟಿ ಸಿಕ್ಕಿದ್ರೆ ನಮಗೂ ಉಸಿರು. ಮೆತ್ತಗೆ ಸಿಕ್ಕಿದ್ರೆ ಓಡಬೇಕು’ ಅಂತಿದ್ದರು ಚಿಕ್ಕಮ್ಮ. ಗರ್ಭಕೋಶ ಹಿಂಡದೆ ಮೆತ್ತಗೇ ಉಳಿದರೆ, ಮಾಸು ಕಳಚಿದ ಜಾಗದ ರಕ್ತನಾಳಗಳು ಮುಚ್ಚುವುದಿಲ್ಲ. ರಕ್ತ ಹರಿಯುತ್ತಲೇ ಇರುತ್ತದೆ. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಅತಿ ದೊಡ್ಡ ಕಾರಣ ರಕ್ತಸ್ರಾವವೇ. ಹಾಗಾಗಿ ಪ್ರತಿ ಹೆರಿಗೆಯಲ್ಲೂ ಈ ಇಂಜೆಕ್ಷನ್ ಕೊಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಿಸಿ ತಾಗಿದರೆ ಶಕ್ತಿ ಕುಂದುತ್ತದೆ.

ತಬೇಲಾಕ್ಕೆ ಬರೋಣ. ಮುಂಬೈಯೊಳಗಿನ ಎಮ್ಮೆಗಳನ್ನು ಊರಾಚೆ ಸಾಗಿಸಲೆಂದೇ ಗೋರೆಗಾಂವ್‌ನಲ್ಲಿ 1949ರಲ್ಲಿ ಆರೇ ಕಾಲೊನಿ ಆಯಿತು. ಊರು ಬೆಳೆದು ಅದನ್ನೂ ನುಂಗಿತು. ಕಾಫಿಗೆ ದಪ್ಪ ಬರಬೇಕು, ಮೊಸರು ಗಟ್ಟಿ ಕೂರಬೇಕು ಅನ್ನುವ ಹೋಟೆಲ್‌ನವರಿಗೆ ಎಮ್ಮೆ ಹಾಲೇ ಬೇಕು. ಆದರೆ ಊರಿನ ತಬೇಲಾದಲ್ಲಿ ಕರು ಉಳಿಯುವುದು ಕಷ್ಟ. ಗಂಡು ಕರುವನ್ನಂತೂ ಕೇಳುವವರಿಲ್ಲ. ಕರು ಇಲ್ಲದ ಎಮ್ಮೆ ಸುಲಭಕ್ಕೆ ಹಾಲಿಳಿಸುವುದಿಲ್ಲ. ಆಗ ಸೂಜಿ ಚುಚ್ಚುತ್ತಾರೆ, ದಿನಕ್ಕೆರಡು ಸಲ. ಚುಚ್ಚಿ ಚುಚ್ಚಿ ಆಮೇಲೆ ಸೂಜಿ ಇಲ್ಲದೆ ಎಮ್ಮೆ ಹಾಲನ್ನೇ ಬಿಡುವುದಿಲ್ಲ. ಇಂಥ ಕಡೆ ಸಿಗುವುದು ಆಂಪೂಲ್ ಅಲ್ಲ. ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿ. ಕಳ್ಳ ತಯಾರಿ.

ಕಾನೂನು ಇಲ್ಲದೆ ಇಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ 12ನೇ ಕಲಂ ಫೂಕಾವನ್ನು ಹೆಸರಿಟ್ಟು ನಿಷೇಧಿಸುತ್ತದೆ. ಹಾಲು ಹೆಚ್ಚಿಸಲು ಪ್ರಾಣಿಗೆ ಹಾನಿಯಾಗುವಂತೆ ಇಂಜೆಕ್ಷನ್ ಚುಚ್ಚುವುದೂ ಅದರಲ್ಲೇ ಸೇರಿದೆ. ಪಶುವೈದ್ಯದ ಆಕ್ಸಿಟೋಸಿನ್ ಪಶು ಆಸ್ಪತ್ರೆಗಳಿಗೆ ಮಾತ್ರ ಹೋಗಬೇಕು ಅಂತ 2014ರಲ್ಲಿ ಆದೇಶವೂ ಬಂತು. 2016ರಲ್ಲಿ ಹಿಮಾಚಲ ಹೈಕೋರ್ಟ್, ತಯಾರಿಕೆಯನ್ನು ಸರ್ಕಾರಿ ಕಂಪನಿಗಳಿಗಷ್ಟೇ ಕೊಡಲು ಸಾಧ್ಯವೇ ನೋಡಿ ಎಂದಿತು. 2018ರ ಏಪ್ರಿಲ್ 27ರಂದು ಕೇಂದ್ರ ಅದನ್ನೇ ಮಾಡಿತು. ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ತಯಾರಿಸುವಂತಿಲ್ಲ ಎಂದಿತು. ಇಡೀ ದೇಶಕ್ಕೆ ಒಂದೇ ಕಂಪನಿ: ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್.

ಅದು ಒಳ್ಳೆಯ ಸರ್ಕಾರಿ ಕಂಪನಿ, ನಮಗೆ ಹೆಮ್ಮೆ ಇದ್ದೇ ಇದೆ. ಆದರೆ ಆಕ್ಸಿಟೋಸಿನ್ ಆಗ ಅದಕ್ಕೆ ಹೊಸದಾಗಿತ್ತು. ಒಂದು ಮಷೀನ್ ಕೆಟ್ಟರೆ, ಒಂದು ಬ್ಯಾಚ್ ಹಾಳಾದರೆ ದೇಶದ ಹೆರಿಗೆ ಕೋಣೆಗಳ ಗತಿ ಏನು? ಹೆರಿಗೆ ವೈದ್ಯರು ಕೇಳಿದ್ದು ಅದನ್ನೇ. ಜುಲೈ 1ರಿಂದ ಜಾರಿಯಾಗಬೇಕಿದ್ದ ನಿಷೇಧ ಸೆಪ್ಟೆಂಬರಿಗೆ ಹೋಯಿತು. ಔಷಧಿ ಕಂಪನಿಗಳೂ ಆಲ್ ಇಂಡಿಯಾ ಡ್ರಗ್ ಆಕ್ಷನ್ ನೆಟ್‌ವರ್ಕ್ ಸಂಘಟನೆಯೂ ದೆಹಲಿ ಹೈಕೋರ್ಟಿಗೆ ಹೋದವು. ನಿಷೇಧಕ್ಕೆ ವೈಜ್ಞಾನಿಕ ಆಧಾರ ಇಲ್ಲ, ತಾಯಂದಿರ ಜೀವಕ್ಕೆ ಆಗುವ ಅಪಾಯವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಆ ಕೋರ್ಟ್ 2018ರ ಡಿಸೆಂಬರ್ 14ರಂದು ಅದನ್ನು ರದ್ದು ಮಾಡಿತು. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, 2019ರಲ್ಲಿ ವಿಷಯ ದೊಡ್ಡ ಪೀಠದ ಮುಂದೆ ಹೋಯಿತು.

ಲೈಸೆನ್ಸ್ ಇರುವ ಕಾರ್ಖಾನೆ ಮುಚ್ಚಿಸಿದರೆ ಲೇಬಲ್ ಇಲ್ಲದ ಬಾಟಲಿ ಹೇಗೆ ನಿಲ್ಲುತ್ತದೆ? ಕಳ್ಳ ಮಾಲಿಗೆ ಲೈಸೆನ್ಸೇ ಬೇಕಿಲ್ಲ ಅಲ್ವಾ.

ಹಾಲು ಕುಡಿದವರಿಗೆ ಏನಾಗುತ್ತದೆ? ಹೆಣ್ಣುಮಕ್ಕಳು ಬೇಗ ದೊಡ್ಡವರಾಗುತ್ತಾರೆ ಅಂತ ಹೆದರಿಸುವ ಮೆಸೇಜ್‌ಗಳು ನಮ್ಮ ಗ್ರೂಪ್‌ಗಳಿಗೂ ಬರುತ್ತವೆ. ಆಕ್ಸಿಟೋಸಿನ್ ಪ್ರೋಟೀನಿನ ತುಣುಕು, ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ. ಅದಕ್ಕೇ ತಾಯಂದಿರಿಗೂ ಅದು ಮಾತ್ರೆಯಾಗಿ ಅಲ್ಲ, ಇಂಜೆಕ್ಷನ್ ಆಗಿ ಸಿಗುವುದು. ಹಾಲಿನಲ್ಲಿರುವ ಆಕ್ಸಿಟೋಸಿನ್ ಕರುಳಿನಲ್ಲಿ ಒಡೆದುಹೋಗುತ್ತದೆ ಅಂತ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಅಧ್ಯಯನವೂ ಹೇಳಿದೆ. ನೋವು ಉಣ್ಣುವುದು ಎಮ್ಮೆ.

ಗೋರೆಗಾಂವ್‌ನಲ್ಲಿ ಸೂಜಿ ಮುಟ್ಟದ ಒಂದು ತಬೇಲಾ ನೋಡಿದ್ದೇನೆ. ಬೆಳಗಿನ ಜಾವ ಕರುವನ್ನು ಬಿಟ್ಟರು. ಅದು ಕೆಚ್ಚಲಿಗೆ ಗುದ್ದಿ ಗುದ್ದಿ ಚೀಪಿತು. ಸ್ವಲ್ಪ ಹೊತ್ತಿಗೇ ಮೊಲೆತೊಟ್ಟು ತುಂಬಿಕೊಂಡವು. ಕರುವನ್ನು ತಾಯಿಯ ಮೂತಿಯ ಹತ್ತಿರ ಕಟ್ಟಿ ಬಕೆಟ್ ಇಟ್ಟರು. ಇದಕ್ಕೆ ಖರ್ಚಿದೆ: ಕರುವಿಗೆ ಜಾಗ, ಮೇವು, ಕುಡಿಯಲು ಒಂದು ಪಾಲು ಹಾಲು. ಆ ತಬೇಲಾದವರು ಲೀಟರಿಗೆ ಸ್ವಲ್ಪ ಜಾಸ್ತಿ ಕೇಳುತ್ತಾರೆ. ನಮ್ಮವರ ಕೆಲವು ಹೋಟೆಲ್‌ಗಳು ಅಷ್ಟು ಕೊಟ್ಟೇ ತರಿಸುತ್ತವೆ.