ಮರದ ಬಾಣ ಹೂಡುವ ಮೊದಲು ಕಿವಿಗೊಡಿ

ನನ್ನ ಎಡಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಸಣ್ಣ ಗುರುತಿದೆ. ಬಿಲ್ವಿದ್ಯೆ ಕಲಿಯುತ್ತಿದ್ದ ಹೊಸತರಲ್ಲಿ, ಕಲ್ಲಿಗೆ ತಾಗಿದ ಬಾಣವನ್ನೇ ಮಣ್ಣು ಒರೆಸಿ ಮತ್ತೆ ಹೂಡಿದ್ದೆ. ಹೆದೆ ಬಿಟ್ಟದ್ದೇ ತಡ, ಬಾಣ ಎರಡು ತುಂಡಾಗಿ ಸಿಬಿರು ಕೈಗೆ ಹೊಕ್ಕಿತು. ಕಡ್ಡಿಯಲ್ಲಿ ಮೊದಲೇ ಕೂದಲೆಳೆಯಷ್ಟು ಬಿರುಕಿತ್ತು. ನಾನು ನೋಡಿರಲಿಲ್ಲ, ಅಷ್ಟೇ.

ಬಾಣ ನೆಟ್ಟಗೆ ಹೋಗುತ್ತದೆ ಅಂತ ಕಾಣುತ್ತದೆ, ಅಲ್ವಾ? ನಿಜಕ್ಕೂ ಅದು ಮೀನಿನ ಹಾಗೆ ಬಳುಕುತ್ತಾ ಬಿಲ್ಲನ್ನು ದಾಟುತ್ತದೆ. ಹಿಂದಿನಿಂದ ಹೆದೆ ತಳ್ಳುತ್ತದೆ, ಮುಂದೆ ಮೊನೆಯ ಭಾರ ತಡೆಯುತ್ತದೆ, ನಡುವೆ ಕಡ್ಡಿ ಬಾಗುತ್ತದೆ. ಬಿರುಕು ಬಾಯಿ ಬಿಡುವುದು ಆಗಲೇ. ಬಿಲ್ಲು ಹಿಡಿದ ಕೈ ಸರಿಯಾಗಿ ಅದರ ಕೆಳಗೇ ಇರುತ್ತದೆ.

ಹಾಗಾಗಿ ನನ್ನ ಹತ್ತಿರ ಬರುವವರಿಗೆ ಗುರಿಗಿಂತ ಮೊದಲು ಕಡ್ಡಿ ನೋಡುವುದನ್ನು ಕಲಿಸುತ್ತೇನೆ. ಎರಡೂ ತುದಿ ಹಿಡಿದು, ಮುಖದಿಂದ ದೂರ ಇಟ್ಟು, ಮೆಲ್ಲಗೆ ಬಗ್ಗಿಸಿ. ಕಾಲು ಸುತ್ತು ತಿರುಗಿಸಿ, ಮತ್ತೆ ಬಗ್ಗಿಸಿ. ಹೀಗೆ ನಾಲ್ಕೂ ಕಡೆ. ಜೋರು ಬೇಡ, ಸ್ವಲ್ಪ ಬಾಗಿದರೆ ಸಾಕು. 'ಟಿಕ್' ಅಂತ ಸಣ್ಣ ಸದ್ದು ಬಂತೋ, ಆ ಬಾಣದ ಕತೆ ಮುಗಿಯಿತು. ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತಾರಲ್ಲ, ಹಾಗೇ ಇದೂ ಕಿವಿಯ ಕೆಲಸ. ಅನುಮಾನ ಇದ್ದರೆ ಹತ್ತಿಯ ಉಂಡೆಯನ್ನು ಕಡ್ಡಿಯ ಉದ್ದಕ್ಕೂ ಸವರಿ. ಎದ್ದ ಚಕ್ಕೆ ಇದ್ದಲ್ಲಿ ಹತ್ತಿ ಸಿಕ್ಕಿಕೊಳ್ಳುತ್ತದೆ. ಮೊನೆಯ ಹಿಂದಿನ ಎರಡು ಇಂಚು ಜಾಸ್ತಿ ಗಮನಿಸಿ, ಪೆಟ್ಟು ಬೀಳುವುದು ಅಲ್ಲಿಗೇ.

ಬಾಣ ಕಟ್ಟುವವರು ಮರದ ಎಳೆಯನ್ನೂ ನೋಡಬೇಕು. ಕಡ್ಡಿಯ ಕತ್ತರಿಸಿದ ತುದಿಯಲ್ಲಿ ಗೆರೆಗಳು ಕಾಣುತ್ತವೆ. ಹೆದೆ ಕೂರುವ ಕಚ್ಚು ಆ ಗೆರೆಗಳಿಗೆ ಅಡ್ಡಲಾಗಿರಬೇಕು. ಗೆರೆಯ ಗುಂಟ ಕಚ್ಚು ತೆಗೆದರೆ ಸೌದೆ ಸೀಳಿದ ಹಾಗೆ ಹೆದೆಯೇ ಕಡ್ಡಿಯನ್ನು ಸೀಳುತ್ತದೆ. ಇದು ಹೊಸ ಸಮಸ್ಯೆಯೇನಲ್ಲ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ 'ಮೇರಿ ರೋಸ್' ಹಡಗಿನಲ್ಲಿ ಸಾವಿರಾರು ಬಾಣ ಸಿಕ್ಕವು. ಅವುಗಳ ಕಚ್ಚಿಗೆ ಅಡ್ಡಲಾಗಿ ಕೊಂಬಿನ ತೆಳು ಚೂರು ಕೂರಿಸುತ್ತಿದ್ದರು, ಸೀಳದಿರಲಿ ಅಂತ. ಇನ್ನೊಂದು ಮಾತು: ಬಾಣ ಹೂಡಿದಾಗ ಮೇಲಕ್ಕೆ ಬರುವ ಬದಿಯಲ್ಲಿ ಎಳೆಗಳು ದೀಪದ ಕುಡಿಯ ಆಕಾರದಲ್ಲಿ ಕೊನೆಯಾಗುತ್ತವೆ. ಆ ಕುಡಿಗಳು ಗುರಿಯ ಕಡೆ ಮುಖ ಮಾಡಿರಲಿ. ಆಗ ಬಾಣ ಮುರಿದರೂ ಹಿಂದಿನ ತುಂಡು ಕೈಗೆ ಇಳಿಯದೆ ಮೇಲಕ್ಕೆ ಜಾರುವ ಸಾಧ್ಯತೆ ಹೆಚ್ಚು.

ಬಿಲ್ಲಿನ ಬಿಗಿಗೆ ಕಡ್ಡಿಯ ಗಡಸು ಹೊಂದಬೇಕು. ಇದಕ್ಕೆ ಸ್ಪೈನ್ ಅನ್ನುತ್ತಾರೆ. 26 ಇಂಚು ಅಂತರದ ಎರಡು ಆಸರೆಗಳ ಮೇಲೆ ಕಡ್ಡಿ ಇಟ್ಟು, ನಡುವೆ 2 ಪೌಂಡ್ ತೂಕ ತೂಗುಬಿಟ್ಟು, ಎಷ್ಟು ಬಾಗಿತು ಅಂತ ಅಳೆಯುತ್ತಾರೆ. 26ನ್ನು ಆ ಬಾಗಿನಿಂದ ಭಾಗಿಸಿದರೆ ಪೌಂಡ್ ಲೆಕ್ಕ ಸಿಗುತ್ತದೆ. ಅರ್ಧ ಇಂಚು ಬಾಗಿದರೆ 52. ಹೆದೆ ಎಳೆಯಲು 50 ಪೌಂಡ್ ಬಲ ಬೇಕಾದ ಬಿಲ್ಲಿಗೆ 30ರ ಕಡ್ಡಿ ಹೂಡಿದರೆ ಅದು ಅತಿಯಾಗಿ ಬಾಗುತ್ತದೆ. ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲಿಗಂತೂ ಮರದ ಬಾಣ ಬೇಡವೇ ಬೇಡ, ಸುಮ್ನೆ ಒಂದ್ಸಲ ನೋಡೋಣ ಅಂತಲೂ ಬೇಡ.

ಬಾಣ ಕೀಳುವಾಗ ಹಿಂದೆ ಯಾರೂ ನಿಂತಿಲ್ಲ ಅಂತ ನೋಡಿಕೊಳ್ಳಿ. ಗುರಿಹಲಗೆಗೆ ತೀರಾ ಹತ್ತಿರ ಹಿಡಿದು ನೇರ ಎಳೆಯಿರಿ.

ಬಿರುಕು ಬಿಟ್ಟ ಬಾಣವನ್ನು ಪಕ್ಕಕ್ಕೆ ಇಡುವುದು ಮಾತ್ರ ಸಾಲದು. ಇನ್ಯಾರೋ ಎತ್ತಿಕೊಂಡು ಹೂಡಿಬಿಡುತ್ತಾರೆ. ಅಲ್ಲೇ ಎರಡು ತುಂಡು ಮಾಡಿ. 'ಸರ್, ಅಂಟು ಹಾಕ್ಲಾ?' ಅಂತ ಹುಡುಗರು ಕೇಳುತ್ತಾರೆ. ಗರಿ, ಮೊನೆ ಬಿಚ್ಚಿ ಕೊಡುತ್ತೇನೆ, ಕಡ್ಡಿ ಮಾತ್ರ ಕೊಡುವುದಿಲ್ಲ.