ಎಂಟು ತೋಳ, ಹದಿನಾರು ದಾಳ

ಮೇಜಿನ ಸುತ್ತ ಕುಳಿತು ದಾಳ ಎಸೆಯುತ್ತಾ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದಲ್ಲಿ ಡ್ರೂಯಿಡ್ (ಪ್ರಕೃತಿಯ ಮಾಂತ್ರಿಕ) ಪಾತ್ರ ಆರಿಸಿಕೊಂಡವರು ಐದನೇ ಲೆವೆಲ್ ಮುಟ್ಟಿದ ಕೂಡಲೇ, ನಮ್ಮ ಚಿಕ್ಕಮಗಳೂರಿನ ಕಡೆ, ಬಹುಮಟ್ಟಿಗೆ ಒಂದೇ ಪ್ರಶ್ನೆ ಕೇಳುತ್ತಾರೆ: "ಸರ್, ಆನೆ ಕರೆಯಬಹುದೇ?" ಮೂಡಿಗೆರೆ, ಸಕಲೇಶಪುರದ ತೋಟಗಳಿಂದ ಬಂದವರಿಗೆ ಆನೆಯ ಬಲ ಎಷ್ಟೆಂದು ಯಾರೂ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಹೋಂಸ್ಟೇಗಳಲ್ಲಿ ಹಣ ಪಡೆದು ಈ ಆಟ ನಡೆಸುವ ನಾನು ಕೊಡುವ ಉತ್ತರವೂ ಒಂದೇ: ಆಗುವುದಿಲ್ಲ.

2014ರ ನಿಯಮದ ಪ್ರಕಾರ ಪ್ರಾಣಿಗಳನ್ನು ಕರೆಯುವ 'ಕಾಂಜರ್ ಅನಿಮಲ್ಸ್' ಮೂರನೇ ಹಂತದ ಮಂತ್ರ, ಡ್ರೂಯಿಡ್‌ಗೆ ಐದನೇ ಲೆವೆಲ್ಲಿನಲ್ಲಿ ಸಿಗುತ್ತದೆ. ಚಾಲೆಂಜ್ ರೇಟಿಂಗ್ (ಪ್ರಾಣಿ ಎಷ್ಟು ಬಲಶಾಲಿ ಎನ್ನುವ ಅಂಕ) 2 ಅಥವಾ ಅದಕ್ಕಿಂತ ಕಡಿಮೆಯ ಒಂದು ಪ್ರಾಣಿ, 1ರ ಎರಡು, ಅರ್ಧದ ನಾಲ್ಕು, ಕಾಲು ಅಂಕದ ಎಂಟು. ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆನೆಯ ರೇಟಿಂಗ್ 4. ಹುಲಿಯದು 1, ಹಾಗಾಗಿ ಹುಲಿ ಎರಡು ಬರುತ್ತವೆ. ಇನ್ನೂ ಮೇಲಿನ ಹಂತದ ಸ್ಲಾಟ್ (ಮಂತ್ರ ಹಾಕಲು ಇರುವ ಸೀಮಿತ ಶಕ್ತಿಯ ಪಾಲು) ಖರ್ಚು ಮಾಡಿದರೆ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಗಾತ್ರವಲ್ಲ. ಒಂಬತ್ತನೇ ಹಂತದ ಸ್ಲಾಟ್ ಸುರಿದರೆ ಮೂವತ್ತೆರಡು ತೋಳಗಳು ಬಂದಾವು, ಒಂದು ಆನೆ ಬಾರದು. ತಮಾಷೆಯೆಂದರೆ, ಹನ್ನೆರಡನೇ ಲೆವೆಲ್ಲಿನ 'ಸರ್ಕಲ್ ಆಫ್ ದಿ ಮೂನ್' ಪಂಥದ ಡ್ರೂಯಿಡ್ ತಾನೇ ಆನೆಯಾಗಬಹುದು. ಈ ಮಂತ್ರದಿಂದ ಆನೆಯನ್ನು ಕರೆಯಲು ಮಾತ್ರ ಆಗದು.

ಈ ಮಿತಿ ಪ್ರಾಣಿಯ ಬಲಕ್ಕೆ ಕಡಿವಾಣ ಎಂದು ಆಟಗಾರರು ಭಾವಿಸುತ್ತಾರೆ. ನನಗೆ ಕಾಡುವುದು ಬಲವಲ್ಲ, ಸಂಖ್ಯೆ. ಎಂಟು ತೋಳಗಳ ಒಂದು ಸರದಿಯನ್ನೇ ನೋಡಿ. ಗುರಿಯ ಐದು ಅಡಿಯೊಳಗೆ ಜೊತೆಗಾರನೊಬ್ಬನಿದ್ದರೆ ತೋಳಕ್ಕೆ ಎರಡು ದಾಳ ಎಸೆದು ಹೆಚ್ಚಿನದನ್ನು ಇಟ್ಟುಕೊಳ್ಳುವ ಅನುಕೂಲವಿದೆ. ಅಂದರೆ ಇಪ್ಪತ್ತು ಮುಖದ ದಾಳ ಹದಿನಾರು ಬಾರಿ ಉರುಳಬೇಕು. ತಗುಲಿದ ಪ್ರತಿ ಕಡಿತಕ್ಕೆ ನಾಲ್ಕು ಮುಖದ ಎರಡು ದಾಳ, ಮೇಲೆ ಎರಡು ಕೂಡಿಸಬೇಕು. ಕಡಿತಕ್ಕೊಳಗಾದವನು ನೆಲಕ್ಕುರುಳುತ್ತಾನೋ ಇಲ್ಲವೋ ಎಂಬುದಕ್ಕೆ ಮತ್ತೆ ದಾಳ. ಇಷ್ಟು ಹೊತ್ತು ಕತ್ತಿ ಹಿಡಿದ ಫೈಟರ್ ಏನು ಮಾಡುತ್ತಿರುತ್ತಾನೆ? ಮೊಬೈಲ್ ನೋಡುತ್ತಿರುತ್ತಾನೆ. ಒಬ್ಬರ ಸರದಿ ಉಳಿದವರೆಲ್ಲರ ಸರದಿಯನ್ನು ನುಂಗಿತೆಂದರೆ ಆ ಸಂಜೆಯ ಆಟ ಕೆಟ್ಟಿತೆಂದೇ ಲೆಕ್ಕ.

ಹಾಗೆಂದು ತೋಳಗಳು ಅಜೇಯವೇನಲ್ಲ. ಒಂದೊಂದಕ್ಕೆ ಹನ್ನೊಂದು ಹಿಟ್ ಪಾಯಿಂಟ್, ಅಂದರೆ ಅಷ್ಟು ಪೆಟ್ಟು ಬಿದ್ದರೆ ಮುಗಿಯಿತು. ಎದುರಾಳಿ ಮಾಂತ್ರಿಕ ಎಸೆಯುವ ಫೈರ್‌ಬಾಲ್‌ನ ಸರಾಸರಿ ಪೆಟ್ಟು ಇಪ್ಪತ್ತೆಂಟು. ತಪ್ಪಿಸಿಕೊಂಡ ತೋಳಕ್ಕೂ ಹದಿನಾಲ್ಕು ಬೀಳುತ್ತದೆ, ಅಷ್ಟು ಸಾಕು. ಅದಕ್ಕಿಂತ ಸುಲಭದ ದಾರಿ ಡ್ರೂಯಿಡ್‌ನನ್ನೇ ಹೊಡೆಯುವುದು. ಮಂತ್ರ ನಿಂತಿರುವುದು ಅವನ ಏಕಾಗ್ರತೆಯ ಮೇಲೆ. ಪೆಟ್ಟು ಬಿದ್ದಾಗಲೆಲ್ಲ ಹತ್ತು ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅಷ್ಟನ್ನು ಅವನ ದಾಳ ಮುಟ್ಟಬೇಕು. ಮುಟ್ಟದಿದ್ದರೆ ಎಂಟೂ ಮಾಯ. ಮಾಯ ಎಂದರೆ ಪೂರ್ತಿ ಮಾಯ. ಅವು ಪ್ರಾಣಿರೂಪ ತಾಳಿದ ಯಕ್ಷಲೋಕದ ಚೇತನಗಳು, ಹೆಣ ಉಳಿಯುವುದಿಲ್ಲ. ಎಂಟು ಕಾಡುಹಂದಿ ಕರೆದು ಊರಿಗೆಲ್ಲ ಊಟ ಹಾಕಿಸೋಣ ಎಂದ ಮಲೆನಾಡಿನ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಯಿತು.

ಹೆಚ್ಚಿನ ಜಗಳ ನಡೆಯುವುದು ಇನ್ನೊಂದು ಕಡೆ: ಯಾವ ಪ್ರಾಣಿ ಎಂದು ನಿರ್ಧರಿಸುವವರು ಯಾರು? ಎಂಟೋ ನಾಲ್ಕೋ ಎಂಬುದು ಆಟಗಾರನ ಆಯ್ಕೆ. ಯಾವುವು ಬರುತ್ತವೆ ಎಂಬುದು ಆಟ ನಡೆಸುವ ಡಂಜನ್ ಮಾಸ್ಟರ್ ಕೈಯಲ್ಲಿದೆ. ನಿಯಮ ರೂಪಿಸಿದವರ ಅಧಿಕೃತ ವಿವರಣೆಯೂ ಇದೇ. ಆದರೆ ಈ ಅಧಿಕಾರವನ್ನು ಸೇಡಿಗೆ ಬಳಸುವುದು ಸಣ್ಣತನ. ತೋಳ ಬೇಕೆಂದವನಿಗೆ ಎಂಟು ಇಲಿ ಕೊಟ್ಟರೆ ಅವನು ಮುಂದಿನ ವಾರ ಬರುವುದಿಲ್ಲ, ಬರಲೂಬಾರದು. ನಾನು ಮೊದಲೇ ಮೂರು ನಾಲ್ಕು ಪ್ರಾಣಿಗಳ ಪಟ್ಟಿ ಕೇಳುತ್ತೇನೆ, ಅವುಗಳ ವಿವರದ ಹಾಳೆಯನ್ನು ಆಟಗಾರನೇ ತರಬೇಕು. ಸ್ಥಳಕ್ಕೆ ಹೊಂದುವುದನ್ನು ಆ ಪಟ್ಟಿಯಿಂದಲೇ ಆರಿಸುತ್ತೇನೆ. ಕಥೆ ಬಾಬಾಬುಡನ್‌ಗಿರಿಯಂಥ ಹುಲ್ಲುಬೆಟ್ಟದ ಮೇಲೆ ನಡೆಯುತ್ತಿದ್ದರೆ ಮೊಸಳೆ ಇಲ್ಲ. ಕೆರೆಯ ದಂಡೆಯಾದರೆ ನಾಲ್ಕು ಮೊಸಳೆ ಧಾರಾಳವಾಗಿ ಬರಲಿ. ಪೆಟ್ಟು ಎಷ್ಟೆಂದು ದಾಳ ಎಸೆದು ನೋಡುವ ಬದಲು ಪುಸ್ತಕದಲ್ಲೇ ಅಚ್ಚಾಗಿರುವ ಸರಾಸರಿ ಹಿಡಿಯುತ್ತೇವೆ, ತೋಳಕ್ಕೆ ಏಳು.

2020ರಲ್ಲಿ ಬಂದ 'ಸಮನ್ ಬೀಸ್ಟ್' ಮಂತ್ರ ಈ ತಲೆನೋವನ್ನು ಬಹುತೇಕ ಇಳಿಸಿತು. ಒಂದೇ ಪ್ರಾಣಿ, ನೆಲದ್ದೋ ನೀರಿನದ್ದೋ ಗಾಳಿಯದ್ದೋ. ಸ್ಲಾಟ್ ದೊಡ್ಡದಾದಂತೆ ಅದೇ ಬಲಿಯುತ್ತದೆ. ಹೊಸಬರ ಮೇಜಿನಲ್ಲಿ ನಾನು ಇದನ್ನೇ ಕೊಡುವುದು. 2024ರ ನಿಯಮ ಇನ್ನೂ ಮುಂದೆ ಹೋಯಿತು: ಈಗ 'ಕಾಂಜರ್ ಅನಿಮಲ್ಸ್' ತರುವುದು ಬಿಡಿ ಪ್ರಾಣಿಗಳನ್ನಲ್ಲ, ಮೈದಾನದಲ್ಲಿ ಸರಿದಾಡುವ ಒಂದು ಛಾಯಾಹಿಂಡನ್ನು. ಹತ್ತಿರ ಬಂದವರು ತಪ್ಪಿಸಿಕೊಳ್ಳದಿದ್ದರೆ ಹತ್ತು ಮುಖದ ಮೂರು ದಾಳದಷ್ಟು ಪೆಟ್ಟು, ಅಲ್ಲಿಗೆ ಮುಗಿಯಿತು. ಆಟದ ವೇಗಕ್ಕೆ ಇದರಷ್ಟು ಒಳ್ಳೆಯದು ಬೇರೊಂದಿಲ್ಲ. ಆದರೆ ಆ ಹಿಂಡಿನ ಬೆನ್ನೇರಿ ಹೊಳೆ ದಾಟಲಾಗದು, ಅದನ್ನು ಬೇಹಿಗೆ ಕಳುಹಿಸಲಾಗದು. ಹಳೆಯ ಆಟಗಾರರು ಗೊಣಗುವುದರಲ್ಲಿ ನ್ಯಾಯವಿದೆ. ಬೇಹಿಗೆ ಗೂಬೆಯೇ ಬೇಕೆಂದು ಹಟ ಹಿಡಿದವರಿಗೆ ಎರಡನೇ ಲೆವೆಲ್ಲಿನಲ್ಲೇ ಸಿಗುವ, ಸಣ್ಣ ಸಂಗಾತಿ ಪ್ರಾಣಿಯನ್ನು ಕರೆಯುವ 'ವೈಲ್ಡ್ ಕಂಪ್ಯಾನಿಯನ್' ಸಾಮರ್ಥ್ಯ ಇದೆ. ಆ ಗೂಬೆ ಯಾರ ಮೇಲೂ ದಾಳಿ ಮಾಡಲಾರದು, ಆದ್ದರಿಂದ ಅದು ಪ್ರತಿ ವಾರ ಬಂದರೂ ನನ್ನ ತಕರಾರಿಲ್ಲ.