ಮೂಳೆ ಕೂಡಿದರೂ ಕೈ ಯಾಕೆ ಮೊದಲಿನಂತಾಗುವುದಿಲ್ಲ?

ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳ ಅಂಗಳ ಆಷಾಢದ ಹೊತ್ತಿಗೆ ಪಾಚಿ ಕಟ್ಟಿ ಜಾರುತ್ತದೆ. ಬೇಸಿಗೆಯ ಮೊದಲಲ್ಲಿ ಮೆಣಸು ಕೊಯ್ಯುವವರು ಏಣಿಯ ಮೇಲಿರುತ್ತಾರೆ. ಬೀಳುವಾಗ ಯಾರಾದರೂ ಕೈ ಊರುವುದು ಸಹಜ, ಆಗ ಮೈಭಾರವೆಲ್ಲ ಅಂಗೈಯ ಮೂಲಕ ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ ರೇಡಿಯಸ್ ಮೂಳೆಯ ಮಣಿಕಟ್ಟಿನ ತುದಿಗೆ ಬಂದು ಅದು ಮುರಿಯುತ್ತದೆ. ಮುಟ್ಟು ನಿಂತ ಮೇಲೆ ಮೂಳೆ ಸವೆದಿರುವ ಹೆಂಗಸರಿಗೆ ನಿಂತ ನೆಲದಲ್ಲೇ ಕುಸಿದರೂ ಸಾಕು.

ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ ಈ ಮುರಿತವನ್ನು 1814ರಲ್ಲಿ ವಿವರಿಸಿದರು, 1850ರ ದಶಕದಲ್ಲಿ ಪ್ಲಾಸ್ಟರ್ ಪಟ್ಟಿ ಬಂತು, 1895ರಲ್ಲಿ ಎಕ್ಸ್-ರೇ ಬಂತು. ಕೈ ಸೊಟ್ಟಗಾದರೂ ಕಾಲ ಕಳೆದಂತೆ ನೋವಿಲ್ಲದೆ ಚೆನ್ನಾಗಿ ಆಡುತ್ತದೆ ಎಂದು ಕಾಲಿಸ್ ಬರೆದದ್ದು ಬಹುಕಾಲ ನಂಬಿಕೆಯಾಗಿ ಉಳಿಯಿತು. ಎಕ್ಸ್-ರೇ ಬಂದ ಮೇಲೆ ಎಲ್ಲರ ಕಣ್ಣು ಮೂಳೆಯ ಮೇಲೆಯೇ ನೆಟ್ಟಿತು, ಏಕೆಂದರೆ ಅದರಲ್ಲಿ ನರವಾಗಲಿ, ಮಾಂಸಖಂಡವನ್ನು ಮೂಳೆಗೆ ಜೋಡಿಸುವ ಹುರಿಯಂಥ ಸ್ನಾಯುರಜ್ಜುವಾಗಲಿ ಕಾಣುವುದಿಲ್ಲ. ಕೈ ಕೆಲಸಕ್ಕೆ ಬರುವುದೋ ಇಲ್ಲವೋ ಎಂಬುದು ಬಹುಪಾಲು ಆ ಕಾಣದ ಭಾಗಗಳ ಮೇಲೆಯೇ ನಿಂತಿದೆ.

ನಮ್ಮ ಭಾಗದಲ್ಲಿ ತಲೆಮಾರುಗಳಿಂದ ಮೊದಲು ಹೋಗುತ್ತಿದ್ದುದು ದಬ್ಬೆ ಕಟ್ಟುವವರ ಬಳಿಗೆ. ಹತ್ತಿರವಿದ್ದವರು, ದುಡ್ಡಿಗಾಗಿ ಪೀಡಿಸದವರು ಅವರೇ ಆಗಿದ್ದರು. ಆದರೆ ಬಿಗಿಯಾದಷ್ಟೂ ಬೇಗ ಕೂಡುತ್ತದೆ ಎಂಬ ಎಣಿಕೆ ಕಟ್ಟಿಸಿಕೊಳ್ಳುವವರಲ್ಲೂ ಗಟ್ಟಿಯಾಗಿದೆ. ಕಟ್ಟು ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಬರುತ್ತದೆ ಎಂದು ಸುಶ್ರುತ ಸಂಹಿತೆಯೇ ಹೇಳಿದೆ. ಮುರಿದ ಮೊದಲ ಎರಡು ಮೂರು ದಿನ ಕೈ ಊದುತ್ತಲೇ ಹೋಗುತ್ತದೆ. ಸುತ್ತಲೂ ಗಟ್ಟಿ ಕಟ್ಟಿದ್ದರೆ, ಅದು ದಬ್ಬೆಯಿರಲಿ ಪ್ಲಾಸ್ಟರ್ ಇರಲಿ, ಊತಕ್ಕೆ ಹೊರದಾರಿ ಸಿಗದೆ ಒಳಗಿನ ಒತ್ತಡ ಏರಿ ಮಾಂಸಖಂಡಕ್ಕೆ ರಕ್ತ ಹರಿಯುವುದು ನಿಲ್ಲುತ್ತದೆ. ಸುಮಾರು ಆರು ಗಂಟೆ ರಕ್ತವಿಲ್ಲದಿದ್ದರೆ ಅದು ಸಾಯತೊಡಗಿ, ಮುಂದೆ ನಾರಾಗಿ, ಬೆರಳುಗಳು ಹದ್ದಿನ ಉಗುರಿನಂತೆ ಮಡಚಿಕೊಳ್ಳುತ್ತವೆ. ಜರ್ಮನಿಯ ಶಸ್ತ್ರವೈದ್ಯ ಫೋಕ್‌ಮನ್ 1881ರಲ್ಲಿ ಇದನ್ನು ಬಿಗಿ ಪಟ್ಟಿಯ ಪರಿಣಾಮವೆಂದು ಗುರುತಿಸಿದರು. ಬೆರಳನ್ನು ನಿಧಾನವಾಗಿ ನೆಟ್ಟಗೆ ಮಾಡಿದಾಗ ತಡೆಯಲಾರದ ನೋವು ಬಂದರೆ ಬೆಳಗಾಗುವವರೆಗೆ ಕಾಯುವ ಮಾತಿಲ್ಲ, ಕಟ್ಟನ್ನು ಅದೇ ಗಳಿಗೆಯಲ್ಲಿ ಬಿಚ್ಚಿಸಿ ಆಸ್ಪತ್ರೆಗೆ ಹೋಗಬೇಕು. ಹಾಸನದಲ್ಲಿ 2006ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆದ ಮೇಲೆ ಜಿಲ್ಲೆಯೊಳಗೇ ಆರೈಕೆ ಸಿಗುತ್ತದೆ, ಆದರೆ ಘಟ್ಟದಂಚಿನ ತೋಟದಿಂದ ರಾತ್ರಿ ಹೊರಡುವುದು ಈಗಲೂ ಸುಲಭವಲ್ಲ.

ನರದ ಸಂಗತಿ ಇಷ್ಟು ಅವಸರದ್ದಲ್ಲದಿದ್ದರೂ ಹಗುರವೂ ಅಲ್ಲ. ಮಣಿಕಟ್ಟಿನ ಇಕ್ಕಟ್ಟಾದ ಸುರಂಗದಲ್ಲಿ ಹಾಯುವ ಮೀಡಿಯನ್ ನರ ಒತ್ತಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ‘ಕಟ್ಟು ಹಾಕಿದ್ದಕ್ಕೆ ಹಾಗಾಗಿದೆ’ ಎಂದು ವಾರಗಟ್ಟಲೆ ಸಹಿಸಿಕೊಳ್ಳುವವರಿದ್ದಾರೆ. ಇನ್ನು ಕೆಲವರಿಗೆ ಮೂಳೆ ಸರಿಯಾಗಿಯೇ ಕೂಡಿದರೂ ಕೈ ಊದಿ, ಬಣ್ಣ ಬದಲಾಗಿ, ಉರಿಯುತ್ತಲೇ ಉಳಿಯುತ್ತದೆ. 1900ರಲ್ಲಿ ಜರ್ಮನಿಯ ಇನ್ನೊಬ್ಬ ಶಸ್ತ್ರವೈದ್ಯ ಝೂಡೆಕ್ ವಿವರಿಸಿದ ಈ ತೊಂದರೆಯಲ್ಲಿ ಕೈಯನ್ನು ಆಡಿಸದೆ ಇಟ್ಟಷ್ಟೂ ಬಿಗಿತ ಹೆಚ್ಚುತ್ತದೆ. ಮೊದಲ ದಿನದಿಂದಲೇ ಬೆರಳು ಮಡಚಿ ಬಿಡಿಸಿ ಎಂದು ವೈದ್ಯರು ಹೇಳುವುದು ಇದಕ್ಕೇ. ‘ಅಲುಗಾಡಿಸಬೇಡ’ ಎಂಬ ಮನೆಯವರ ಕಾಳಜಿ ಇಲ್ಲಿ ಕೈಗೇ ತಿರುಗಿಬೀಳುತ್ತದೆ.

ಎಲ್ಲಕ್ಕಿಂತ ತಡವಾಗಿ ಬರುವುದು ರಜ್ಜು ಹರಿಯುವುದು. ಹೆಬ್ಬೆರಳನ್ನು ಮೇಲೆತ್ತುವ ರಜ್ಜು ಮಣಿಕಟ್ಟಿನ ಹಿಂಬದಿಯ ಒಂದು ಮೂಳೆಯ ಉಬ್ಬನ್ನು ಸುತ್ತಿ ಕಿರಿದಾದ ಕೊಳವೆಯಲ್ಲಿ ಸಾಗುತ್ತದೆ. ಸರಿದುಹೋಗದ, ಬರೀ ಬಿರುಕು ಬಿಟ್ಟ ಮುರಿತದಲ್ಲೇ ಇದು ಹೆಚ್ಚು, ಏಕೆಂದರೆ ಹರಿಯದೆ ಗಟ್ಟಿಯಾಗಿ ಉಳಿದ ಕೊಳವೆಯೊಳಗೆ ರಕ್ತ ಸೇರಿ ರಜ್ಜು ಒತ್ತಿ ಸೊರಗುತ್ತದೆ. ಕೆಲವು ವಾರಗಳ ಬಳಿಕ, ಪ್ಲಾಸ್ಟರ್ ತೆಗೆದು ಎಲ್ಲ ಮುಗಿಯಿತೆಂದು ಕೆಲಸಕ್ಕೆ ಹೋದವರ ಹೆಬ್ಬೆರಳು ಒಂದು ದಿನ ನೋವೇ ಇಲ್ಲದೆ ಜೋತುಬೀಳಬಹುದು. ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಹೆಬ್ಬೆರಳನ್ನಷ್ಟೇ ಮೇಲೆತ್ತಲು ನೋಡಿದರೆ ಗೊತ್ತಾಗುತ್ತದೆ. ಸೊರಗಿ ಹರಿದ ತುದಿಗಳನ್ನು ಮತ್ತೆ ಹೊಲಿಯಲು ಸಾಮಾನ್ಯವಾಗಿ ಆಗುವುದಿಲ್ಲ. ತೋರುಬೆರಳನ್ನು ಎತ್ತಲು ಎರಡು ರಜ್ಜುಗಳಿರುವುದರಿಂದ ಅದರಲ್ಲಿ ಒಂದನ್ನು ತಂದು ಹೆಬ್ಬೆರಳಿಗೆ ಜೋಡಿಸುತ್ತಾರೆ, ಆಮೇಲೆ ಹೆಬ್ಬೆರಳನ್ನು ಎತ್ತುವುದನ್ನು ಕೈ ಮತ್ತೆ ಮೊದಲಿನಿಂದ ಕಲಿಯುತ್ತದೆ.